ಸುಮ್ಮನೆ ಎಂಬ ಕಾಲಂ

ನನ್ನ ಕುರ್ಚಿಯಲ್ಲಿ ಈಗ ಪ್ರವೀಣ ಕೂತಿದ್ದಾನೆ. ನನ್ನ ಕೈಕೆಳಗೆ ಕೆಲಸ ಕಲಿತವನು. ಕಂಪ್ಯೂಟರ್ ವಿಭಾಗಕ್ಕೆ ಹೊಸಬರು ಸೇರಿದ್ದಾರೆ, ಅವರಿಗೆ ಓದಲು ಕೊಡುತ್ತೇನೆ, ನಿಮ್ಮ ಅನುಭವ ಬರೆದುಕೊಡಿ ಎಂದು ಬಹಳ ದಿನದಿಂದ ಬೆನ್ನು ಹತ್ತಿದ್ದ. ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಬರೆದರೆ ಓದುವವರಿಗೆ ಆಕಳಿಕೆ ಬರುತ್ತದೆ, ಅದನ್ನೆಲ್ಲ ಬಿಟ್ಟಿದ್ದೇನೆ. ಉಳಿದದ್ದನ್ನು ಬರೆಯಲು ಕೂತರೆ ಮುಖ ಬಿಸಿಯಾಗುತ್ತದೆ, ಪೆನ್ನು ಕೆಳಗಿಟ್ಟು ಎದ್ದು ಹೋಗುತ್ತೇನೆ. ಈ ನಾಲ್ಕು ಹಾಳೆ ತುಂಬಿಸಲು ಎಷ್ಟೋ ಸಲ ಎದ್ದಿದ್ದೇನೆ.

ನಮ್ಮದು ಎರಕದ ಕಂಪನಿ. ಗುಜರಿ ಕಬ್ಬಿಣ ಕರಗಿಸಿ ಪಂಪಿನ ಬಿಡಿಭಾಗ ಹೊಯ್ಯುವ ಕಾರ್ಖಾನೆ ಭದ್ರಾವತಿಯಲ್ಲಿ. ಬಿಲ್ಲು, ಸಂಬಳ, ಪತ್ರವ್ಯವಹಾರ ನೋಡುವ ಕಚೇರಿ ಶಿವಮೊಗ್ಗದಲ್ಲಿ. ನಾನು ವಿದ್ಯಾನಗರದ ಮನೆಯಿಂದ ಸ್ಕೂಟರಿನಲ್ಲಿ ಕಚೇರಿಗೆ ಹೋಗಿಬರುತ್ತಿದ್ದೆ. ಎರಡೂ ಊರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೋಡಿಕೊಳ್ಳುವುದು ಎಂದರೆ ಕಪ್ಪು ಪರದೆಯ ಮುಂದೆ ಕೂತು ಒಂದೊಂದು ಸಾಲಿನ ಆಜ್ಞೆ ಟೈಪ್ ಮಾಡಿ, ಯಂತ್ರ ಎಷ್ಟು ಕೆಲಸ ಮಾಡುತ್ತಿದೆ, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕಿಗಾಗಿ ಎಷ್ಟು ಕಾಯುತ್ತಿದೆ ಎಂದು ಅಂಕಿ ನೋಡುವುದು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಂಕಿಗಳ ಸಾಲು. ಇಣುಕಿ ನೋಡಿದವರು ‘ಏನ್ ಮೇಡಂ, ಸಿನಿಮಾದಲ್ಲಿ ತೋರ್ಸೋ ಥರಾನೇ ಇದೆ’ ಎನ್ನುತ್ತಿದ್ದರು. ನನಗೆ ಒಳಗೊಳಗೇ ಜಂಬ.

ಆ ಜಂಬಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಎಸ್, ಎ, ಆರ್ ಎಂಬ ಮೂರಕ್ಷರದ ಆಜ್ಞೆ. ಯಂತ್ರ ದಿನವಿಡೀ ಎಷ್ಟು ದುಡಿಯಿತು, ಎಷ್ಟು ಬಿಡುವಾಗಿತ್ತು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಓದುವುದು ‘ಸಾರ್’ ಎಂದು. ಕೆಲಸಕ್ಕೆ ಹೊಸಬಳಾದ ನನಗೆ ಅದು ಗೊತ್ತಿರಲಿಲ್ಲ. ಒಂದು ದಿನ ಎರಡೂ ಊರಿನ ಕಂಪ್ಯೂಟರುಗಳನ್ನು ನಡೆಸುವ ದೊಡ್ಡ ಯಂತ್ರ, ಸರ್ವರ್, ತೆವಳತೊಡಗಿ, ಅದನ್ನು ಮಾರಿದ ಕಂಪನಿಯ ಇಂಜಿನಿಯರಿಗೆ ಬೆಂಗಳೂರಿಗೆ ಫೋನ್ ಮಾಡಿದೆ. ನಮ್ಮ ಜನರಲ್ ಮ್ಯಾನೇಜರ್ ವಿರೂಪಾಕ್ಷಪ್ಪನವರು ಏನಾಯಿತೆಂದು ನೋಡಲು ಬಂದು ಪಕ್ಕದಲ್ಲೇ ನಿಂತಿದ್ದರು.

‘ಮೇಡಂ, ಮೊದ್ಲು ಸಾರ್ ಕೊಡಿ,’ ಎಂದ ಇಂಜಿನಿಯರ್.

ನಾನು ರಿಸೀವರನ್ನು ಸೆರಗಿನಿಂದ ಒರೆಸಿ ವಿರೂಪಾಕ್ಷಪ್ಪನವರ ಕೈಗೆ ಕೊಟ್ಟೆ. ಅವರು ಗಂಟಲು ಸರಿಮಾಡಿಕೊಂಡು ಹಲೋ ಎಂದರು.

‘ಸಾರ್ ಕೊಟ್ರಾ? ಏನ್ ಬರ್ತಿದೆ?’ ಎಂದು ಆ ಕಡೆಯವನು ಕೇಳಿದ್ದು ನನಗೂ ಕೇಳಿಸಿತು.

‘ಏನೂ ಬರ್ತಿಲ್ಲ. ನಾನೇ ಬಂದಿದೀನಿ,’ ಎಂದರು ಇವರು.

ಆಮೇಲೆ ಬಹಳ ದಿನ ನಾನು ಕೀಬೋರ್ಡ್ ಮುಟ್ಟಿದರೆ ಸಾಕು, ಕಚೇರಿಯ ಯಾವುದೋ ಮೂಲೆಯಿಂದ ‘ಸಾರ್ ಬಂದ್ರಾ ಮೇಡಂ?’ ಎಂಬ ಪ್ರಶ್ನೆ ಬರುತ್ತಿತ್ತು. ವಿರೂಪಾಕ್ಷಪ್ಪನವರೇ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ತಮ್ಮನ್ನೂ ಸೇರಿಸಿಕೊಂಡು ನಗುವ ಮನುಷ್ಯ ಅವರು. ಮುಂದೆ ಬರುವ ಕಥೆಯಲ್ಲಿ ಅವರನ್ನು ನೀವು ಕೆಟ್ಟವರೆಂದು ತಿಳಿಯಬಾರದು ಎಂದು ಇದನ್ನು ಇಲ್ಲಿಯೇ ಹೇಳುತ್ತಿದ್ದೇನೆ.

ಎರಡನೆಯ ಎಡವಟ್ಟಿನಲ್ಲಿ ನಗು ಕಡಿಮೆ. ಮೆಮೊರಿ ತೋರಿಸುವ ಆಜ್ಞೆಯಲ್ಲಿ ‘ಫ್ರೀ’ ಎಂಬ ಕಾಲಂ ಇದೆ. ಬೆಳಿಗ್ಗೆ ದೊಡ್ಡದಾಗಿರುತ್ತಿದ್ದ ಆ ಅಂಕಿ ಮಧ್ಯಾಹ್ನದ ಹೊತ್ತಿಗೆ ತಳ ಕಾಣುತ್ತಿತ್ತು. ಖಾಲಿ ಜಾಗವಿಲ್ಲದೆ ಯಂತ್ರ ಉಸಿರುಕಟ್ಟುತ್ತಿದೆ ಎಂದು ತಿಳಿದು, ನಾನು ದಿನಾ ಊಟ ಮುಗಿಸಿ ಬಂದು ಸರ್ವರನ್ನು ಆರಿಸಿ ಮತ್ತೆ ಹಚ್ಚುತ್ತಿದ್ದೆ. ಅಂಕಿ ಮೇಲೇರುತ್ತಿತ್ತು, ನನಗೆ ಸಮಾಧಾನ. ಅದೇ ಹೊತ್ತಿಗೆ ಭದ್ರಾವತಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನಿಂತುಹೋಗಿ, ಗುಜರಿ ತುಂಬಿದ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟುತ್ತಿದ್ದವು. ವೇಬ್ರಿಡ್ಜಿನಲ್ಲಿದ್ದ ಮುರುಗೇಶ್ ಫೋನ್ ಮಾಡಿ, ‘ಮೇಡಂ, ಡ್ರೈವರ್‌ಗಳು ನನ್ನ ಹೆತ್ತವ್ರನ್ನೆಲ್ಲಾ ನೆನೆಸ್ಕೊಂತಾ ಇದಾರೆ, ಬೇಗ ಆನ್ ಮಾಡಿ’ ಎಂದು ಗೋಗರೆಯುತ್ತಿದ್ದ. ಯಂತ್ರ ತಾನು ಓದಿದ ಫೈಲುಗಳನ್ನು ಮತ್ತೆ ಬೇಕಾದೀತೆಂದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಬೇರೆ ಕೆಲಸಕ್ಕೆ ಜಾಗ ಬೇಕಾದರೆ ತಾನೇ ತೆರವು ಮಾಡಿಕೊಡುತ್ತದೆ, ‘ಫ್ರೀ’ ಕಡಿಮೆ ಇರುವುದು ರೋಗವೇ ಅಲ್ಲ ಎಂದು ಗೊತ್ತಾಗುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಅಂಕಿ ಸುಳ್ಳು ಹೇಳಿರಲಿಲ್ಲ. ಕಾಲಂನ ಹೆಸರನ್ನು ನಾನು ತಪ್ಪಾಗಿ ಓದಿದ್ದೆ. ಇಷ್ಟು ಅನುಭವಿಸಿದವಳು ಮುಂದೆ ನಾನೇ ಒಂದು ಕಾಲಂಗೆ ಹೆಸರಿಡುವಾಗ ಎಚ್ಚರವಾಗಿರಬೇಕಿತ್ತು.

ಅದನ್ನು ಹೇಳುವ ಮುಂಚೆ ನಮ್ಮ ಕಚೇರಿಯ ಒಂದು ರೂಢಿ ಹೇಳಬೇಕು. ಮೊದಲು ಕಂಪ್ಯೂಟರುಗಳಿಗೆ ನಂಬರ್ ಇತ್ತು. ‘ಏಳನೇ ನಂಬರ್ ಕೆಟ್ಟಿದೆ’ ಎಂದು ಫೋನ್ ಬಂದರೆ ಏಳು ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಯಾವ ಯಂತ್ರದ ಮುಂದೆ ಯಾರು ಕೂರುತ್ತಾರೋ ಅದಕ್ಕೆ ಅವರ ಹೆಸರನ್ನೇ ಇಟ್ಟೆ. ಎಲ್ಲರಿಗೂ ಖುಷಿಯಾಯಿತು. ‘ಮುರುಗೇಶ್ ಹ್ಯಾಂಗ್ ಆಗಿದೆ’, ‘ನಾಗರತ್ನ ಇವತ್ತು ಚುರುಕಾಗಿದೆ’ ಎಂದು ಮಾತಾಡುತ್ತಾ ನಮಗೆ ಅದು ಎಷ್ಟು ಒಗ್ಗಿಹೋಯಿತೆಂದರೆ, ಯಂತ್ರ ಯಾವುದು ಮನುಷ್ಯ ಯಾವುದು ಎಂದು ಬಿಡಿಸಿ ಹೇಳಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ನಾಗರತ್ನ ನಮ್ಮಲ್ಲಿ ಬಿಲ್ ಮಾಡುತ್ತಿದ್ದ ಹುಡುಗಿ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಹೊಸಮನೆ ಬಡಾವಣೆಯಲ್ಲಿ ಅವಳೂ ಅವಳ ತಾಯಿಯೂ ಇಬ್ಬರೇ ಇದ್ದರು. ತಾಯಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಕಚೇರಿಯಿಂದ ಮನೆ ನಡೆದು ಹೋಗುವಷ್ಟು ಹತ್ತಿರ; ಊಟದ ಬಿಡುವಿನಲ್ಲಿ ನಾಗರತ್ನ ಓಡಿ ಹೋಗಿ ತಾಯಿಗೆ ತುತ್ತು ತಿನ್ನಿಸಿ, ಮಗ್ಗುಲು ಬದಲಿಸಿ ಓಡಿ ಬರುವಳು. ಅದೊಂದೇ ಕಾರಣಕ್ಕೆ ಬೇರೆ ಒಳ್ಳೆಯ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಿದ್ದಳು. ಇದು ನನಗೆ ಗೊತ್ತಿತ್ತು. ಎಷ್ಟೋ ಮಧ್ಯಾಹ್ನ ಬಿಸಿಲೆಂದು ನನ್ನ ಸ್ಕೂಟರ್ ಕೀಲಿಯನ್ನು ನಾನೇ ಅವಳ ಕೈಗೆ ಕೊಟ್ಟಿದ್ದೇನೆ.

ಆ ವರ್ಷ ವಿರೂಪಾಕ್ಷಪ್ಪನವರು ಪಡಸಾಲೆಯ ಗೋಡೆಗೆ ದೊಡ್ಡದೊಂದು ಟಿವಿ ಹಾಕಿಸಿದರು. ‘ಗಿರಿಜಮ್ಮ, ನೀವು ಕಪ್ಪು ಪರದೇಲಿ ನೋಡ್ತೀರಲ್ಲ, ಅದನ್ನ ನಮ್ಮಂಥವ್ರಿಗೂ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಹಾಕಿ ಮಾರಾಯ್ತಿ,’ ಎಂದರು. ನಾನು ಹುರುಪಿನಿಂದ ಒಂದು ಪ್ರೋಗ್ರಾಂ ಬರೆದೆ. ಎರಡೂ ಊರಿನ ಯಂತ್ರಗಳಿಂದ ಅಂಕಿ ತಂದು ಟಿವಿಯ ಮೇಲೆ ಸಾಲಾಗಿ ತೋರಿಸುವ ಪ್ರೋಗ್ರಾಂ. ಎಡಗಡೆ ಹೆಸರು. ಆಮೇಲೆ ನೂರಕ್ಕೆ ಎಷ್ಟು ಎಂದು ತೋರಿಸುವ ಮೂರು ಕಾಲಂ: ಕೆಲಸ, ಕಾಯುವಿಕೆ, ಸುಮ್ಮನೆ. ಮೂರನೆಯದು ಇಂಗ್ಲಿಷಿನಲ್ಲಿ ‘ಐಡಲ್’. ಮೊದಲು ‘ಬಿಡುವು’ ಎಂದು ಬರೆದಿದ್ದೆ. ಅದು ಸಪ್ಪೆ ಅನ್ನಿಸಿತು. ‘ಸುಮ್ಮನೆ’ ಎಂಬುದು ಮನೆಮಾತಿನ ಹಾಗೆ ಕೇಳುತ್ತದೆಂದು ಅಳಿಸಿ ಬರೆದೆ. ಒತ್ತಕ್ಷರ ಒಡೆದು ‘ಸುಮ್ ಮನೆ’ ಎಂದು ಬರುತ್ತಿತ್ತು. ಅದನ್ನು ಕೂಡಿಸಲು ಎರಡು ದಿನ ಒದ್ದಾಡಿದೆ. ಆ ಒತ್ತಕ್ಷರಕ್ಕೆ ಪಟ್ಟ ಕಷ್ಟದಲ್ಲಿ ಒಂದು ಪಾಲನ್ನು ಆ ಪದ ಓದುವವರ ಬಗ್ಗೆ ಯೋಚಿಸಲು ಪಟ್ಟಿದ್ದರೆ ಈ ಹಾಳೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮುನ್ಸೂಚನೆ ಸಿಗದೆ ಏನೂ ಇರಲಿಲ್ಲ. ಮುರುಗೇಶ್ ಒಮ್ಮೆ ಕಚೇರಿಗೆ ಬಂದವನು ಟಿವಿ ನೋಡಿದ. ಅವನ ಯಂತ್ರದ ಡಿಸ್ಕ್ ಹಳೆಯದು, ಹಾಗಾಗಿ ಮುರುಗೇಶ್ ಎಂಬ ಸಾಲಿನಲ್ಲಿ ಕಾಯುವಿಕೆಯ ಅಂಕಿ ದೊಡ್ಡದಾಗಿತ್ತು. ಕೆಲಸಕ್ಕೆ ತಮಿಳಿನಲ್ಲಿ ‘ವೇಲೆ’ ಅನ್ನುವುದು ಅವನ ಅಭ್ಯಾಸ. ‘ಕರೆಕ್ಟಾಗಿ ಹಾಕಿದೀರ ಮೇಡಂ. ಲಾರಿಗೆ ಕಾಯೋದೇ ನನ್ ವೇಲೆ,’ ಎಂದು ನಕ್ಕ. ನಾನೂ ನಕ್ಕೆ. ಅವನು ಅದನ್ನು ತನ್ನ ಬಗ್ಗೆ ಎಂದೇ ಓದಿದ್ದ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ನಾಗರತ್ನ ಎಂಬ ಸಾಲಿನಲ್ಲಿ ಸುಮ್ಮನೆ ತೊಂಬತ್ತನಾಲ್ಕು ಎಂದು ಇರುತ್ತಿತ್ತು. ಯಾವಾಗಲೂ ಅಷ್ಟೇ. ಅವಳದು ಕಚೇರಿಯಲ್ಲೇ ಹೊಸ, ಶಕ್ತಿಯುಳ್ಳ ಯಂತ್ರ. ಮನುಷ್ಯರ ಬೆರಳು ಎಷ್ಟೇ ಜೋರಾಗಿ ಓಡಿದರೂ ಅಂಥ ಯಂತ್ರಕ್ಕೆ ಅದು ಕೆಲಸವೇ ಅಲ್ಲ; ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಅದು ಬಿಡುವಾಗಿಯೇ ಇರುತ್ತದೆ. ನಾಗರತ್ನ ತಲೆಯೆತ್ತದೆ ಬಿಲ್ ಮಾಡಿದ ದಿನವೂ ಅವಳ ಯಂತ್ರ ಸುಮ್ಮನೆ ತೊಂಬತ್ತನಾಲ್ಕು.

ಒಂದು ಬೆಳಿಗ್ಗೆ ವಿರೂಪಾಕ್ಷಪ್ಪನವರು ಟಿವಿಯ ಮುಂದೆ ಕೈಕಟ್ಟಿ ನಿಂತು ನನ್ನನ್ನು ಕರೆದರು.

‘ಗಿರಿಜಮ್ಮ, ಈ ನಾಗರತ್ನ ದಿನಾ ಹೀಗೇನಾ?’

‘ಹೌದು ಸಾರ್. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಅದು ಸುಮ್ನೇ ಇರುತ್ತೆ.’

‘ಯಾಕೆ, ಏನಾದ್ರೂ ತೊಂದ್ರೆಯಾ ಅದಕ್ಕೆ?’

‘ಏನೂ ಇಲ್ಲ ಸಾರ್, ಗಟ್ಟಿಮುಟ್ಟಾಗಿದೆ. ಹೊಸದು ಬೇರೆ. ಇಲ್ಲಿ ಅದಕ್ಕೆ ತಕ್ಕ ಕೆಲಸ ಇಲ್ಲ ಅಷ್ಟೆ. ಭದ್ರಾವತೀಲಿ ಲೋಡ್ ಜಾಸ್ತಿ. ಅದನ್ನ ಅಲ್ಲಿಗೆ ಹಾಕಿದ್ರೆ ಮುರುಗೇಶ್‌ಗೂ ಅನುಕೂಲ.’

‘ಅಲ್ಲಿಗೆ ಹೊಂದ್ಕೊಳುತ್ತಾ?’

‘ಒಂದೆರಡು ದಿನ ತಗೊಳುತ್ತೆ ಸಾರ್. ಆಮೇಲೆ ಹೊಂದ್ಕೊಳುತ್ತೆ.’

ನಾನು ಹೇಳಿದ್ದು ಯಂತ್ರದ ಮಾತು. ಲೋಡ್ ಎಂದರೆ ನನಗೆ ಯಂತ್ರದ ಮೇಲಿನ ಕೆಲಸದ ಹೊರೆ. ಅವರಿಗೆ ಲೋಡ್ ಎಂದರೆ ಲಾರಿ. ಇನ್ನು ‘ಅದು’ ಎಂದದ್ದು. ನಮ್ಮ ಕಡೆ ಹಿರಿಯರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು ‘ಪಾಪ, ಅದು ಒಳ್ಳೇದು’, ‘ಅದು ಇನ್ನೂ ಬಂದಿಲ್ವಾ’ ಎಂದು ಸಲಿಗೆಯಿಂದ ಅನ್ನುವುದುಂಟು. ವಿರೂಪಾಕ್ಷಪ್ಪನವರಂತೂ ತಮ್ಮ ಸ್ವಂತ ಮಗಳನ್ನೂ ‘ಅದು’ ಎಂದೇ ಹೇಳುವರು. ಹೀಗೆ ನಾನೂ ಅವರೂ ಒಂದೇ ಮಾತಾಡುತ್ತಾ ಬೇರೆ ಬೇರೆ ವಿಷಯ ಮಾತಾಡಿದ್ದೆವು.

ಮಾರನೆಯ ದಿನ ನಾಗರತ್ನ ಕೈಯಲ್ಲಿ ವರ್ಗಾವಣೆಯ ಆದೇಶ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಭದ್ರಾವತಿ ವೇಬ್ರಿಡ್ಜಿಗೆ.

‘ಮೇಡಂ, ನಾನು ಸುಮ್ನೆ ಕೂತಿರ್ತೀನಾ? ನೀವೇ ಹಂಗಂದ್ರಂತೆ.’

ನನಗೆ ಆಗ ತಿಳಿಯಿತು. ಅಯ್ಯೋ, ಅದು ಯಂತ್ರದ ವಿಷಯ ಕಣೇ, ನಿನ್ನದಲ್ಲ ಎಂದು ಬಿಡಿಸಿ ಹೇಳಿದೆ. ಅವಳ ಮುಖದಲ್ಲಿ ಸ್ವಲ್ಪ ಗೆಲುವು ಬಂತು.

‘ಅದನ್ನೇ ಸಾರ್‌ಗೆ ಹೇಳಿ ಮೇಡಂ. ನೀವು ಹೇಳಿದ್ರೆ ಕೇಳ್ತಾರೆ. ಅಮ್ಮಂಗೆ ಮಧ್ಯಾಹ್ನ ಯಾರಿದಾರೆ? ಭದ್ರಾವತಿಯಿಂದ ನಾನು ಹೆಂಗೆ ಬರ್ಲಿ?’

ಈಗಲೇ ಹೇಳುತ್ತೇನೆ ಎಂದು ಎದ್ದೆ. ವಿರೂಪಾಕ್ಷಪ್ಪನವರ ಕೋಣೆಯಲ್ಲಿ ಕಂಪನಿಯ ಡೈರೆಕ್ಟರುಗಳು ಕೂತಿದ್ದರು. ವಾಪಸು ತಿರುಗುವಷ್ಟರಲ್ಲಿ ವಿರೂಪಾಕ್ಷಪ್ಪನವರು ನನ್ನನ್ನು ಕಂಡು, ‘ಬನ್ನಿ ಬನ್ನಿ. ಇವ್ರೇ ನಮ್ಮ ಗಿರಿಜಮ್ಮ. ಹೊರಗೆ ಟಿವಿ ನೋಡಿದ್ರಲ್ಲ, ಅದನ್ನ ಮಾಡಿದವ್ರು. ಯಾರು ಕೆಲಸ ಮಾಡ್ತಾರೆ, ಯಾರು ಸುಮ್ನೆ ಕೂರ್ತಾರೆ, ಎಲ್ಲಾ ತೋರ್ಸುತ್ತೆ. ನಿನ್ನೆ ತಾನೇ ಒಂದು ಹುಡುಗೀನ ಬೇಕಾದ ಕಡೆ ಹಾಕಿದ್ವಿ,’ ಎಂದರು. ಡೈರೆಕ್ಟರುಗಳು ಭೇಷ್ ಎಂದರು. ಒಬ್ಬರು ಎದ್ದು ಕೈಕುಲುಕಿದರು.

ಅದು ಹಾಗಲ್ಲ ಸಾರ್ ಎನ್ನುವ ಮೂರು ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಇಷ್ಟು ಜನರ ಎದುರು ವಿರೂಪಾಕ್ಷಪ್ಪನವರು ಪೆಚ್ಚಾಗುತ್ತಿದ್ದರು, ನನ್ನ ಟಿವಿ ಒಂದು ತಮಾಷೆಯಾಗುತ್ತಿತ್ತು, ಮತ್ತೆ ‘ಸಾರ್ ಬಂದ್ರಾ ಮೇಡಂ’ ಕಾಲ ಶುರುವಾಗುತ್ತಿತ್ತು. ನಾನು ಥ್ಯಾಂಕ್ಯೂ ಸಾರ್ ಎಂದು ನಕ್ಕು ಹೊರಗೆ ಬಂದೆ. ಆ ನಗು ನೆನಪಾದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ.

ಬಾಗಿಲ ಹೊರಗೆ ನಾಗರತ್ನ ನಿಂತಿದ್ದಳು. ‘ಹೇಳಿದ್ರಾ ಮೇಡಂ?’

‘ಮೀಟಿಂಗಲ್ಲಿದಾರೆ. ನಾಳೆ ಹೇಳ್ತೀನಿ.’

ಆ ‘ನಾಳೆ’ ಬಂದಾಗ ಅವರು ಊರಲ್ಲಿರಲಿಲ್ಲ. ಅದರ ಮಾರನೆ ದಿನ ಇದ್ದರು. ಅವರ ಮುಖ ಬಿಗಿದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಗರತ್ನ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ಅವಳ ಯಂತ್ರವೂ, ನಾನು ಹೇಳಿದ್ದ ಹಾಗೆಯೇ, ಅದೇ ವಾರ ಭದ್ರಾವತಿಗೆ ಹೋಯಿತು. ಪಕ್ಕದ ಮನೆಯವರು ಮಧ್ಯಾಹ್ನ ಅವಳ ತಾಯಿಗೆ ಊಟ ಕೊಡುತ್ತಿದ್ದಾರೆ ಎಂದು ತಿಳಿದಾಗ, ಸದ್ಯ ವ್ಯವಸ್ಥೆ ಆಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆ. ಸದ್ಯ ಎಂಬ ಪದ ಎಷ್ಟು ಅನುಕೂಲದ್ದು ನೋಡಿ.

ಪಕ್ಕದ ಮನೆಯವರು ಯಾವುದೋ ಮದುವೆಗೆಂದು ಆಯನೂರಿಗೆ ಹೋದ ದಿನ ಅವಳ ತಾಯಿ ನೀರಿಗಾಗಿ ಏಳಲು ಹೋಗಿ ಬಿದ್ದರು. ಸೊಂಟ ಮುರಿಯಿತು. ಸಂಜೆ ನಾಗರತ್ನ ಬಸ್ಸಿಳಿದು ಬಂದು ಬಾಗಿಲು ತೆಗೆಯುವವರೆಗೂ ಅವರು ನೆಲದ ಮೇಲೆಯೇ ಇದ್ದರು. ಮರುದಿನವೇ ಅವಳು ಕೆಲಸ ಬಿಟ್ಟಳು.

ಆವತ್ತು ನಾನು ಮೀಟಿಂಗ್ ನೋಡಲಿಲ್ಲ, ಮುಖ ನೋಡಲಿಲ್ಲ, ನೇರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ವಿರೂಪಾಕ್ಷಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ನಂಗೆ ಓದೋಕೆ ಬರ್ಲಿಲ್ಲ, ಸರಿ. ನಿಮ್ಗೆ ಬಾಯಿ ಇರ್ಲಿಲ್ವಾ?’

ಅಷ್ಟೇ ಅಂದದ್ದು. ತಾವೇ ಹೊಸಮನೆಗೆ ಹೋಗಿ ಅವಳನ್ನು ವಾಪಸು ಕರೆದರು. ಅವಳು ಬರಲಿಲ್ಲ. ಟಿವಿಯನ್ನು ಗೋಡೆಯಿಂದ ಇಳಿಸಿದರು. ನನ್ನನ್ನು ಬೈದಿದ್ದರೆ, ಎಲ್ಲರ ಎದುರು ನಾಲ್ಕು ಮಾತು ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಅಂದಿನಿಂದ ‘ಸಾರ್ ಕೊಡಿ’ ಕಥೆಯನ್ನು ಯಾರಿಗೂ ಹೇಳಲೂ ಇಲ್ಲ.

ಟಿವಿ ಹೋದರೂ ನನ್ನ ಪ್ರೋಗ್ರಾಂ ನಮ್ಮ ವಿಭಾಗದ ಪರದೆಯಲ್ಲಿ ನಡೆಯುತ್ತಲೇ ಇತ್ತು, ಅದೇ ಕಾಲಂಗಳೊಂದಿಗೆ. ಭದ್ರಾವತಿಗೆ ಹೋದ ಯಂತ್ರದ ಹೆಸರು ಬದಲಿಸಲು ಒಮ್ಮೆ ಕೈಹಾಕಿದೆ. ಆ ಹೆಸರು ತೂಕದ ಪ್ರೋಗ್ರಾಂನಲ್ಲಿ ಎಲ್ಲೆಲ್ಲೋ ಬೇರೂರಿತ್ತು. ತೂಕದ ಚೀಟಿ ಬರುವುದು ನಿಂತು ಲಾರಿಗಳು ನಿಂತವು. ಹೆದರಿ ಹಳೆಯ ಹೆಸರನ್ನೇ ವಾಪಸು ಇಟ್ಟೆ. ಕೂತು ಹುಡುಕಿದ್ದರೆ ಒಂದು ದಿನದ ಕೆಲಸ. ಮಾಡಲಿಲ್ಲ. ಹೀಗಾಗಿ ನಿವೃತ್ತಿಯ ದಿನದವರೆಗೂ ಪ್ರತಿ ಬೆಳಿಗ್ಗೆ ಆ ಯಂತ್ರದ ಅಂಕಿ ನೋಡಲು ನಾಗರತ್ನ ಎಂದು ನನ್ನ ಕೈಯಾರೆ ಟೈಪ್ ಮಾಡಿದ್ದೇನೆ.

ಈಗ ಇತ್ತೀಚಿನ ಮಾತು. ಪಿಂಚಣಿಗೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಬೇಕು. ನನ್ನ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯುತ್ತಲೇ ಇರಲಿಲ್ಲ. ಹೊಸಮನೆಯಲ್ಲಿ ಒಬ್ಬರು ಮನೆಯ ಮುಂದಿನ ಕೋಣೆಯಲ್ಲೇ ಆನ್‌ಲೈನ್ ಅರ್ಜಿ ಹಾಕಿಕೊಡುತ್ತಾರೆ, ಎಂಥ ಬೆರಳಿದ್ದರೂ ತಾಳ್ಮೆಯಿಂದ ಮಾಡಿಸುತ್ತಾರೆ ಎಂದು ನೆರೆಯವರು ಕಳಿಸಿದರು. ಹೋಗಿ ನೋಡಿದರೆ ನಾಗರತ್ನ. ತಲೆ ಅಲ್ಲಲ್ಲಿ ನೆರೆತಿತ್ತು. ನನ್ನ ಗುರುತು ಹಿಡಿದಳು, ಬನ್ನಿ ಮೇಡಂ ಎಂದು ಕುರ್ಚಿ ಎಳೆದಳು. ನನ್ನ ಹೆಬ್ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತನ್ನ ಕೈಯಿಂದ ಒತ್ತಿ ಹಿಡಿದಳು. ನಾನು ಏನೋ ಹೇಳಲು ಬಾಯಿ ತೆರೆದೆ.

‘ಕೈ ಅಲ್ಲಾಡುತ್ತೆ ಮೇಡಂ. ಸ್ವಲ್ಪ ಸುಮ್ನಿರಿ.’

ಸುಮ್ಮನಿದ್ದೆ. ಯಂತ್ರ ನನ್ನನ್ನು ಬದುಕಿದ್ದಾಳೆ ಎಂದು ಒಪ್ಪಿಕೊಂಡಿತು.

ಆಮೇಲೆ ಕೇಳಿದೆ, ಅಮ್ಮ? ಹೋಗಿಬಿಟ್ಟರು ಎಂದಳು. ಬಿದ್ದ ಮೇಲೆ ಅವರು ಮತ್ತೆ ಎದ್ದು ಕೂರಲೇ ಇಲ್ಲವಂತೆ. ‘ನೀನು ಈಗ ಸ್ವಂತ ಅಂಗಡಿ ಮಾಡ್ಕೊಂಡು ಚೆನ್ನಾಗಿದೀಯಲ್ಲ ನಾಗರತ್ನ,’ ಎಂದೆ.

‘ಚೆನ್ನಾಗಿದೀನಿ ಮೇಡಂ. ಅದು ಬೇರೆ ವಿಷಯ.’

ನಾನು ತಲೆ ತಗ್ಗಿಸಿದೆ. ಅವಳು ಪ್ರಿಂಟ್ ತೆಗೆದು ಕೈಗೆ ಕೊಡುತ್ತಾ ಕೇಳಿದಳು: ‘ಆ ಮಷಿನ್‌ಗೆ ಇನ್ನೂ ನನ್ನ ಹೆಸರೇ ಇದೆಯಂತೆ? ಭದ್ರಾವತಿ ಲಾರಿಯವ್ರು ಇಲ್ಲಿಗೆ ಅರ್ಜಿ ಹಾಕ್ಸೋಕೆ ಬರ್ತಾರೆ. ನಾಗರತ್ನ ಇವತ್ತು ಕೈಕೊಡ್ತು, ನಾಗರತ್ನ ಮುದಿಯಾಯ್ತು ಅಂತ ನನ್ನ ಮುಂದೇನೇ ಮಾತಾಡ್ಕೊಂತಾರೆ. ಅದೊಂದು ತೆಗ್ಸಿಬಿಡಿ ಮೇಡಂ. ಇನ್ನೇನೂ ಬೇಡ.’

ಮನೆಗೆ ಬಂದವಳೇ ಪ್ರವೀಣನಿಗೆ ಫೋನ್ ಮಾಡಿದೆ.

‘ನಾಗರತ್ನಾನಾ? ಹಳೇದಾದ್ರೂ ನಡೀತಿದೆಯಲ್ಲ ಮೇಡಂ. ಸುಮ್ನೆ ಯಾಕೆ ಮುಟ್ಟೋದು?’

‘ಸುಮ್ನೆ ಅಲ್ಲ ಕಣೋ,’ ಎಂದು ಇಷ್ಟನ್ನೂ ಹೇಳಿದೆ.

‘ಭಾನುವಾರ ಲಾರಿ ಇರಲ್ಲ, ಕೂತು ಬದಲಾಯಿಸ್ತೀನಿ. ಏನಂತ ಇಡ್ಲಿ ಮೇಡಂ?’

‘ಗಿರಿಜಾ ಅಂತ ಇಡು.’

‘ಬೇಡ ಮೇಡಂ. ರಜಾ ದಿನ ಮಷಿನ್‌ಗೆ ಕೆಲಸ ಇರಲ್ಲ. ಗಿರಿಜಾ, ಸುಮ್ಮನೆ ನೂರು ಅಂತ ಬರುತ್ತೆ. ಯಾರು ಇವ್ರು ಅಂತ ಹೊಸಬರು ಕೇಳ್ತಾರೆ.’

‘ಕೇಳ್ಲಿ,’ ಎಂದೆ. ‘ಬರೆದುಕೊಡಿ ಅಂತಿದ್ಯಲ್ಲ, ಬರೀತೀನಿ. ಕೇಳಿದಾಗ ಅದನ್ನ ಓದೋಕೆ ಕೊಡು.’